ಒಂದೇ ಬಟ್ಟೆಯ ಮೇಲಿನ ಕುಂಡಗಳು

ಎಡಗೈಯಲ್ಲಿ ಸಕ್ಕರೆ ನೀರಿನ ಬಾಟಲಿ ಹಿಡಿದು, ಬಲಗೈಯ ಕಡ್ಡಿಯಿಂದ ಎಲೆಗಳನ್ನು ಒತ್ತಟ್ಟಿಗೆ ಸರಿಸುತ್ತಾ, ದೊಡ್ಡವಳು ಮೇಲಿನ ಹಲಗೆಯ ಅರ್ಧ ಸಾಲು ಮುಗಿಸಿದ್ದಳು. ಒಂದೊಂದು ಕುಂಡದ ಬುಡಕ್ಕೂ ಒಂದು ಗುಟುಕು, ಮಣ್ಣು ಹೀರಿಕೊಳ್ಳುವವರೆಗೆ ಕಾಯುವುದು, ಇನ್ನೊಂದು ಗುಟುಕು. ಅವಸರ ಮಾಡಿದರೆ ನೀರು ಕುಂಡದ ತೂತಿನಿಂದ ಸೋರಿ ಅಡಿಯಲ್ಲಿ ಹಾಸಿದ ದಪ್ಪ ಬಟ್ಟೆಗೆ ಇಳಿದುಹೋಗುತ್ತದೆ. ಈಚೆಗೆ ಅವಳು ಅವಸರ ಮಾಡುತ್ತಿದ್ದಳು.

ಗಿಡದ ಕೋಣೆಗೆ ಕಿಟಕಿ ಇರಲಿಲ್ಲ. ಸಾಲು ಟ್ಯೂಬ್‌ಲೈಟುಗಳು ಹೊತ್ತಿದಾಗ ಬೆಳಗಾಗುತ್ತಿತ್ತು, ಆರಿದಾಗ ಸಂಜೆ. ಗೋಡೆಯಾಚೆ ಚಿಕ್ಕವಳು ಏನೋ ಹೇಳಿ ನಕ್ಕದ್ದು ಕೇಳಿಸಿತು. ಅದರ ಬೆನ್ನಿಗೇ ಪ್ರೊಫೆಸರ್ ನಕ್ಕರು. ಅವರು ಸುಮ್ಮಸುಮ್ಮನೆ ನಗುವ ಪೈಕಿಯಲ್ಲ. ತನ್ನ ಮಾತಿಗೆ ಅವರು ಹೀಗೆ ನಕ್ಕಿದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ಹೋಗಿ, ನೆನಪಾಗದೆ, ದೊಡ್ಡವಳು ಗುಟುಕಿನ ಬದಲು ಧಾರೆಯನ್ನೇ ಸುರಿದುಬಿಟ್ಟಳು.

ದೊಡ್ಡವಳು, ಚಿಕ್ಕವಳು ಎನ್ನುವುದು ಅತ್ತೆ ಕರೆಯುತ್ತಿದ್ದ ರೀತಿ. ಕಿರಿಯ ಮಗನ ಮದುವೆಯಾದಂದಿನಿಂದ ಮನೆಯಲ್ಲಿ ಅದೇ ಉಳಿದುಕೊಂಡಿತ್ತು. ಅಣ್ಣ ತಮ್ಮ ಇಬ್ಬರೂ ಸೇರಿ ಕನ್ನಡಕದ ಅಂಗಡಿ ನಡೆಸುತ್ತಿದ್ದರು. ಹೆಂಡತಿಯರಿಬ್ಬರೂ ಒಂದೇ ಲ್ಯಾಬಿಗೆ ಹೋಗುತ್ತಿದ್ದರು. ಚಿಕ್ಕವಳನ್ನು ಲ್ಯಾಬಿಗೆ ಕರೆತಂದವಳು ದೊಡ್ಡವಳೇ. "ನಮ್ಮ ಓರಗಿತ್ತಿ, ಚುರುಕಾಗಿದಾಳೆ" ಎಂದು ಪ್ರೊಫೆಸರರ ಮುಂದೆ ನಿಲ್ಲಿಸಿದ್ದಳು. ಚುರುಕು ಇಷ್ಟಿರುತ್ತದೆ ಎಂದು ಆಗ ಗೊತ್ತಿರಲಿಲ್ಲ. ಈಗ ಮನೆಯಲ್ಲಿ ಅತ್ತೆಯ ಬಾಯಲ್ಲೂ ಅವಳೇ, ಇಲ್ಲಿ ಪ್ರೊಫೆಸರರ ಬಾಯಲ್ಲೂ ಅವಳೇ. ಎಲ್ಲಿಗೆ ಹೋಗಿ ತಲೆ ಮರೆಸಿಕೊಳ್ಳುವುದು?

ಲ್ಯಾಬಿನವರು ದೊಡ್ಡವಳನ್ನು ಸಕ್ಕರೆ ಅಕ್ಕ ಎನ್ನುತ್ತಿದ್ದರು. ಕೆಲಸ ನೋಡಿ ಇಟ್ಟ ಹೆಸರೋ, ನಾಲಿಗೆ ನೋಡಿ ಇಟ್ಟ ಕುಹಕವೋ ಅವಳು ಕೇಳಲು ಹೋಗಿರಲಿಲ್ಲ.

ಅಲ್ಲಿ ಬೆಳೆಸುತ್ತಿದ್ದದ್ದು ಸಾಸಿವೆಯ ದೂರದ ಬಂಧುವಾದ ಒಂದು ಪುಟ್ಟ ಕಳೆಗಿಡ. ಅದರಲ್ಲೂ ಒಂದು ಊನದ ತಳಿ. ಎಲ್ಲರೂ ಅದನ್ನು ಮುರುಕ ಎನ್ನುತ್ತಿದ್ದರು. ಕಾರಣವನ್ನು ಪ್ರೊಫೆಸರ್ ಬಂದವರಿಗೆಲ್ಲ ಒಂದೇ ಧಾಟಿಯಲ್ಲಿ ಹೇಳುತ್ತಿದ್ದರು. "ಪ್ರೋಟೀನು ತಯಾರಾದ ಮಾತ್ರಕ್ಕೆ ಕೆಲಸ ಮುಗೀಲಿಲ್ಲ ಸ್ವಾಮಿ. ಜೀವಕೋಶದೊಳಗೆ ಅದಕ್ಕೆ ಸಕ್ಕರೆಗಳನ್ನ ಅಂಟಿಸಿ ಕಳಿಸ್ತಾರೆ. ಯಾವ ಸಕ್ಕರೆ, ಎಲ್ಲಿ ಅಂಟ್ತು ಅನ್ನೋದರ ಮೇಲೆ ಅದು ಎಲ್ಲಿಗೆ ಹೋಗ್ಬೇಕು, ಎಷ್ಟು ದಿನ ಬಾಳ್ಬೇಕು ಅನ್ನೋದು. ಕೋಶದ ಗೋಡೆಯೂ ಹಾಗೇ, ಸಕ್ಕರೆ ಸರಪಳಿಗಳದ್ದು. ಅದರಲ್ಲಿ ಒಂದು ಸಣ್ಣ ಸಕ್ಕರೆ ತಪ್ಪಿದ್ರೂ ಸರಪಳಿಗಳು ಒಂದನ್ನೊಂದು ಕಚ್ಚಿ ಹಿಡಿಯೋದಿಲ್ಲ. ದಂಟು ನಿಂತ ಹಾಗೇ ಕಾಣುತ್ತೆ, ಮುಟ್ಟಿದ್ರೆ ಟಕ್."

ಆ ಸಣ್ಣ ಸಕ್ಕರೆಯ ಹೆಸರು ಫ್ಯೂಕೋಸ್. ಮುರುಕಕ್ಕೆ ಅದನ್ನು ತಾನೇ ಮಾಡಿಕೊಳ್ಳಲು ಬರುವುದಿಲ್ಲ. ನೀರಿನಲ್ಲಿ ಬೆರೆಸಿ ಕುಡಿಸಿದರೆ ಬೇರಿನಿಂದ ಹೀರಿ, ಪ್ರೋಟೀನಿಗೂ ಗೋಡೆಗೂ ಅಂಟಿಸಿಕೊಂಡು, ಹೊಸದಾಗಿ ಬೆಳೆದ ದಂಟನ್ನು ಗಟ್ಟಿ ಮಾಡಿಕೊಳ್ಳುತ್ತದೆ. ಎಷ್ಟು ಕುಡಿಸಿದರೆ ಎಷ್ಟು ಗಟ್ಟಿ, ಮೊದಲು ಸರಿಹೋಗುವ ಪ್ರೋಟೀನು ಯಾವುದು ಎಂದು ನೋಡುವುದರಲ್ಲೇ ದೊಡ್ಡವಳ ಕೂದಲು ನರೆತಿತ್ತು. ಒಳ್ಳೆಯ ಕೆಲಸ, ನಿಧಾನದ ಕೆಲಸ. ಚಿಕ್ಕವಳದು ಬೇರೆ ದಾರಿ. ಹೊರಗಿನಿಂದ ಕುಡಿಸುವುದೇ ಬೇಡ, ಇಲ್ಲದ ಸಕ್ಕರೆಯ ಜಾಗದಲ್ಲಿ ಅದನ್ನೇ ಹೋಲುವ ಇನ್ನೊಂದು ಸಕ್ಕರೆಯನ್ನು ಗಿಡವೇ ತಂದು ಕೂರಿಸುವ ಹಾಗೆ ಒಂದು ಜೀನ್ ಸೇರಿಸೋಣ ಎಂದಳು. ಸೇರಿಸಿದಳು. ಗಿಡಗಳು ನೆಟ್ಟಗೆ ನಿಂತವು. ಒಬ್ಬರು ಹೋದ ಜಾಗಕ್ಕೆ ಹೋಲುವ ಇನ್ನೊಬ್ಬರನ್ನು ತಂದು ಕೂರಿಸುವುದು ಅವಳಿಗೆ ಬಿಡಿ, ನೀರು ಕುಡಿದಷ್ಟು ಸಲೀಸು ಎಂದು ದೊಡ್ಡವಳು ಒಳಗೊಳಗೇ ಮೂಗು ಮುರಿದಿದ್ದಳು.

ಸೋಮವಾರ ಹೊರಗಿನಿಂದ ಹಿರಿಯರ ತಂಡ ಬರುವುದಿತ್ತು. ಇಬ್ಬರೂ ಅವರೆದುರು ತಮ್ಮ ತಮ್ಮ ಕೆಲಸ ಹೇಳಬೇಕು. ನಿವೃತ್ತರಾಗುವ ಪ್ರೊಫೆಸರರ ಜಾಗ ಯಾರಿಗೆ ಎಂದು ಅವರು ತೀರ್ಮಾನಿಸುತ್ತಾರೆ. ಕುರ್ಚಿ ನೋಡಿದರೆ ಏನೂ ಇಲ್ಲ. ಒಂದು ಕೈ ಸಡಿಲಾಗಿ ಒರಗಿದರೆ ಕೀರಲು ಸದ್ದು ಮಾಡುತ್ತಿತ್ತು. ಆದರೂ ಪ್ರೊಫೆಸರ್ ಇಲ್ಲದಾಗ ದೊಡ್ಡವಳು ಎರಡು ಮೂರು ಸಲ ಅದರಲ್ಲಿ ಕೂತು ನೋಡಿದ್ದಳು.

ಅವಳ ಸಾಲು ಮುಗಿಯುವಲ್ಲಿಂದ ಚಿಕ್ಕವಳ ಕುಂಡಗಳು ಶುರು. ಮೊದಲನೆಯದರ ದಂಟಿಗೆ ಬೆರಳು ತಾಗಿತು. ತಾಗಿತು ಎನ್ನುವುದಕ್ಕಿಂತ ತಾಗಿಸಿದಳು. ಟಕ್ ಎನ್ನಲಿ ಎಂದು ಅವಳ ಹೊಟ್ಟೆಯೊಳಗಿನ ಏನೋ ಒಂದು ಕಾಯುತ್ತಿತ್ತು. ದಂಟು ಬಾಗಿ, ಬಿಟ್ಟಾಗ ಮೊದಲಿನ ಹಾಗೆ ನೆಟ್ಟಗಾಯಿತು. ಚೆಲ್ಲಿದ ನೀರು ಒರೆಸಲು ಬಗ್ಗಿದಾಗ ಅವಳಿಗೆ ಅಡಿಯ ಬಟ್ಟೆ ಕಂಡಿತು.

ಸಕ್ಕರೆ ನೀರು ಇಳಿದಲ್ಲೆಲ್ಲ ಬಟ್ಟೆಯ ಮೇಲೆ ಕಂದು ಲೋಳೆ ಕಟ್ಟುತ್ತದೆ. ಸಕ್ಕರೆ ಸಿಕ್ಕರೆ ಬೂಷ್ಟು ಬಿಡುತ್ತದೆಯೇ? ತನ್ನ ಕುಂಡಗಳ ಅಡಿ ಅದು ಇರುವುದು ಸಹಜ. ಆದರೆ ಲೋಳೆ ಅಲ್ಲಿಗೆ ನಿಂತಿರಲಿಲ್ಲ. ಬಟ್ಟೆ ಎರಡಲ್ಲ, ಈ ತುದಿಯಿಂದ ಆ ತುದಿಗೆ ಒಂದೇ. ಕಂದು ಬಣ್ಣ ಚಿಕ್ಕವಳ ಕುಂಡಗಳ ಅಡಿಗೆ ಹರಿದು, ಹೋಗುತ್ತಾ ಹೋಗುತ್ತಾ ತೆಳುವಾಗಿ, ಕೊನೆಯ ಕೆಲವು ಕುಂಡಗಳನ್ನು ಮುಟ್ಟುವ ಮೊದಲೇ ನಿಂತಿತ್ತು. ಹಲಗೆ ಆ ಕಡೆ ಒಂದಿಷ್ಟು ಎತ್ತರವಿದ್ದಿರಬೇಕು; ಅಲ್ಲಿ ಬಟ್ಟೆ ಬಿಳಿಯಾಗಿಯೇ ಇತ್ತು.

ದೊಡ್ಡವಳು ಒರೆಸುವ ಬಟ್ಟೆ ಹಿಡಿದು ಹಾಗೇ ನಿಂತಳು. ಅಂದರೆ ಚಿಕ್ಕವಳ ಗಿಡಗಳು ತನ್ನ ಸಕ್ಕರೆಯನ್ನೇ ಕುಡಿಯುತ್ತಿದ್ದವು. ಜೀನೂ ಇಲ್ಲ, ಜಾಣತನವೂ ಇಲ್ಲ. ತಾನು ಸೋರಿಸಿದ್ದನ್ನು ಹೀರಿ ಮೆರೆಯುತ್ತಿದ್ದವು.

ಅವಳಿಗೆ ಮೈ ಹಗುರವಾಯಿತು. ನಾಚಿಕೆಯಾಗುವಷ್ಟು ಹಗುರವಾಯಿತು.

ಆಮೇಲೆ ಇನ್ನೊಂದು ನೆನಪಾಯಿತು. ಚಿಕ್ಕವಳು ಲ್ಯಾಬಿಗೆ ಬಂದ ಹೊಸತರಲ್ಲಿ ಪೂರ್ತಿ ಹಲಗೆ ಕೇಳಿದ್ದಳು, ಹೋಲಿಸಿ ನೋಡಲು ಜೀನ್ ಸೇರಿಸದ ಬರೀ ಮುರುಕಗಳನ್ನೂ ಜೊತೆಗೇ ಇಡಬೇಕು ಎಂದು. ದೊಡ್ಡವಳು "ಅರ್ಧ ಕೊಟ್ಟಿದೀನಲ್ಲ, ಅದರಲ್ಲೇ ಸುಧಾರಿಸ್ಕೋ" ಎಂದಿದ್ದಳು. ಹಾಗಾಗಿ ಬರೀ ಮುರುಕಗಳು ಕೆಳಗಿನ ಹಲಗೆಗೆ, ಬೇರೆ ಬಟ್ಟೆಯ ಮೇಲಕ್ಕೆ ಹೋದವು. ಅಲ್ಲಿ ಅವು ಟಕ್ ಎನ್ನುತ್ತಲೇ ಇದ್ದವು. "ಅಕ್ಕ, ಅಡಿಯ ಬಟ್ಟೆ ನಿಂದು ನಂದು ಬೇರೆ ಬೇರೆ ತಾನೇ?" ಎಂದೂ ಚಿಕ್ಕವಳು ಕೇಳಿದ್ದಳು. ತಲೆ ಎತ್ತದೆ "ಹೂಂ" ಎಂದಿದ್ದಳು ಇವಳು. ಅಡುಗೆಮನೆಯಲ್ಲಿ ಅವಳ ಡಬ್ಬಿಗಳಿಗೆ ಬಿಟ್ಟುಕೊಟ್ಟದ್ದೂ ಅರ್ಧ ಕಪಾಟನ್ನೇ.

ಕೇಳದೆ ಇನ್ನೊಬ್ಬರ ಗಿಡದ ಎಲೆ ಕೀಳುವುದು ಅವರ ಲ್ಯಾಬಿನಲ್ಲಿ ಕಳ್ಳತನಕ್ಕಿಂತ ಕೀಳು. ದೊಡ್ಡವಳು ಕಿತ್ತಳು. ಹತ್ತಿರದ ಕುಂಡಗಳಿಂದ ಕೆಲವು, ದೂರದ ತುದಿಯಿಂದ ಕೆಲವು. ಅರೆದು, ಪ್ರೋಟೀನು ಬೇರ್ಪಡಿಸಿ, ಬಿಳಿ ಹಾಳೆಯ ಮೇಲೆ ಇಳಿಸಲು ಇಟ್ಟಳು. ಲೆಕ್ಟಿನ್ ಎಂಬ ಒಂದು ಪ್ರೋಟೀನಿದೆ. ಈ ಬಗೆಯದು ಫ್ಯೂಕೋಸನ್ನು ಕಂಡಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅದನ್ನು ಹಾಳೆಗೆ ಹಚ್ಚಿದರೆ ಫ್ಯೂಕೋಸ್ ಅಂಟಿದ ಪ್ರೋಟೀನು ಇರುವಲ್ಲೆಲ್ಲ ಕಪ್ಪು ಪಟ್ಟೆ ಏಳುತ್ತದೆ. ಸುಳ್ಳು ಹೇಳಲು ಅದಕ್ಕೆ ಬಾರದು. ಉತ್ತರ ಮಾರನೆಯ ದಿನಕ್ಕೆ.

ಸಂಜೆ ಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುವಾಗ ಅವಳ ಕೈ ಹಾಡುವಂತೆ ಓಡುತ್ತಿತ್ತು. ಚಿಕ್ಕವಳು ಎದುರಿಗೆ ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ಅತ್ತೆ ಹೊಲಿಗೆ ಅಂಗಡಿ ಮುಚ್ಚಿ ವರ್ಷಗಳಾದರೂ ಸೂಜಿ ಬಿಟ್ಟಿರಲಿಲ್ಲ. ಯಾರದೋ ಅಂಗಿಯ ಗುಂಡಿ ಗಟ್ಟಿ ಮಾಡುತ್ತಾ ಕುರ್ಚಿಯಲ್ಲಿ ಕೂತಿದ್ದರು.

"ಅಲ್ಲಾ, ನಂಗೆ ಇವತ್ತಿಗೂ ಅರ್ಥ ಆಗಲಿಲ್ಲ" ಎಂದರು ಅತ್ತೆ. "ಗಿಡಕ್ಕೆ ಯಾಕೆ ಸಕ್ಕರೆ? ಅದಕ್ಕೇನು ನಾಲಿಗೆ ಇದೆಯಾ?"

ದೊಡ್ಡವಳು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕವಳು ಶುರು ಮಾಡಿದಳು. "ಅತ್ತೆ, ನೀವು ಕಾಲರ್ ಒಳಗೆ ಗಟ್ಟಿ ಬಟ್ಟೆ ಇಟ್ಟು ಹೊಲೀತಿದ್ರಲ್ಲ, ಅದಿಲ್ದಿದ್ರೆ ಏನಾಗುತ್ತೆ?"

"ಏನಾಗುತ್ತೆ, ಕಾಲರ್ ಮೊಲದ ಕಿವಿ ಥರ ಜೋತು ಬೀಳುತ್ತೆ."

"ಅಷ್ಟೇ ಅತ್ತೆ. ಗಿಡದ ಕೋಶಕ್ಕೂ ಒಂದು ಕಾಲರ್ ಇದೆ. ಅದನ್ನ ನಿಲ್ಲಿಸೋ ಗಟ್ಟಿ ಬಟ್ಟೆ ಅಂದ್ರೆ ಈ ಸಕ್ಕರೆ."

"ಇಷ್ಟೇನಾ?" ಅತ್ತೆ ದಾರ ಕಚ್ಚಿ ತುಂಡರಿಸಿದರು. "ಈ ದೊಡ್ಡವಳು ಇಷ್ಟು ವರ್ಷದಿಂದ ಹೇಳ್ತಾ ಇದ್ದಳು, ಕೇಳಿದಾಗೆಲ್ಲ ನಂಗೆ ನಿದ್ದೆ ಬರ್ತಿತ್ತು."

"ಅದು ಅಷ್ಟು ಸುಲಭ ಅಲ್ಲ" ಎಂದಳು ದೊಡ್ಡವಳು. "ಈ ಗಿಡ ಜೋತು ಬೀಳೋದಲ್ಲ, ಮುರಿಯೋದು. ಕಾಲರ್ ಎಲ್ಲಾದ್ರೂ ಟಕ್ ಅಂತ ಮುರಿಯುತ್ತಾ?"

"ನೋಡಿದ್ರಾ ಅತ್ತೆ, ಇದಕ್ಕೇ ನಂಗೆ ಅಕ್ಕ ಬೇಕು" ಚಿಕ್ಕವಳು ಈರುಳ್ಳಿಯ ಕಣ್ಣೀರನ್ನು ತೋಳಿಗೆ ಒರೆಸಿಕೊಂಡಳು. "ಅಕ್ಕ, ಶುಕ್ರವಾರ ರಿಹರ್ಸಲ್ ಇಟ್ಕೊಂಡಿದೀನಿ. ನಮ್ಮ ಲ್ಯಾಬಿನವರಷ್ಟೇ. ನೀನು ಬರಲೇಬೇಕು."

"ನಾನ್ಯಾಕೆ? ನಿಂಗೆ ಚಪ್ಪಾಳೆ ಹೊಡೆಯೋರು ಬೇಕಾದಷ್ಟು ಜನ ಇದಾರಲ್ಲ."

"ಚಪ್ಪಾಳೆ ಹೊಡೆಯೋರು ಬೇಡ, ಕಾಲೆಳೆಯೋರು ಬೇಕು. ಆ ಕೆಲಸಕ್ಕೆ ನಿನ್ನಷ್ಟು ನುರಿತವರು ಎಲ್ಲಿ ಸಿಗ್ತಾರೆ?"

ಅತ್ತೆ ಕುಲುಕುಲು ನಕ್ಕರು. "ಅದೊಂದು ಮಾತು ನಿಜ ಹೇಳಿದೆ ನೋಡು."

ದೊಡ್ಡವಳೂ ನಕ್ಕಳು. ನಗು, ನಗು ಎಂದುಕೊಂಡಳು. ಸೋಮವಾರ ಆ ಹಿರಿಯರಲ್ಲಿ ಯಾರಾದರೂ ಒಬ್ಬರು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಸಕ್ಕರೆ ಹೊರಗಿನಿಂದ ಬಂದಿಲ್ಲ ಎನ್ನುವುದಕ್ಕೆ ಏನು ಆಧಾರ ಎಂದು ಕೇಳುತ್ತಾರೆ. ಈ ಹುಡುಗಿ ಬೆಬ್ಬೆಬ್ಬೆ ಎನ್ನುತ್ತಾಳೆ. ತಾನು ಏನೂ ಮಾಡಬೇಕಾಗಿಲ್ಲ. ಸುಮ್ಮನಿದ್ದರೆ ಸಾಕು. ಸುಮ್ಮನಿರುವುದನ್ನು ಯಾರಾದರೂ ಅಪರಾಧ ಎನ್ನುತ್ತಾರೆಯೇ? ತೆಗೆದ ಸಿಪ್ಪೆ ಎಷ್ಟು ದಪ್ಪವಾಗಿ ಬಂದಿತ್ತೆಂದರೆ ಆಲೂಗಡ್ಡೆ ನೆಲ್ಲಿಕಾಯಿ ಗಾತ್ರಕ್ಕೆ ಇಳಿದಿತ್ತು.

ಮರುದಿನ ಎಲ್ಲರೂ ಊಟಕ್ಕೆ ಹೋದ ಮೇಲೆ ಹಾಳೆಯನ್ನು ತೊಳೆದು ಬೆಳಕಿಗೆ ಹಿಡಿದಳು. ಅಂದುಕೊಂಡ ಹಾಗೆಯೇ ಇತ್ತು. ಹತ್ತಿರದ ಕುಂಡಗಳ ಎಲೆಯಲ್ಲಿ ಕಪ್ಪು ಪಟ್ಟೆಗಳು, ಕಾಡಿಗೆ ತೀಡಿದ ಹಾಗೆ. ಸ್ವಂತವಾಗಿ ಮಾಡಿಕೊಳ್ಳಲು ಬಾರದ ಸಕ್ಕರೆ ಆ ಗಿಡದ ಪ್ರೋಟೀನಿನ ಮೇಲೆ ಕೂತಿದೆ ಎಂದರೆ ಅದು ಹೊರಗಿನದೇ. ದೂರದ ತುದಿಯ ಎಲೆಗಳ ಸಾಲು ಬೆಳ್ಳಗೆ, ಏನೂ ಇಲ್ಲದೆ. ಬಟ್ಟೆ ಒಣಗಿದ್ದ ಜಾಗ. ಎಲ್ಲವೂ ತಾಳೆಯಾಯಿತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಆಗಿತ್ತು. ಆದರೆ ಅವಳು ಇಷ್ಟು ವರ್ಷ ಈ ಕೆಲಸ ಮಾಡಿದವಳು. ಅರ್ಧಕ್ಕೆ ಬಿಟ್ಟು ಎದ್ದು ಅಭ್ಯಾಸವಿರಲಿಲ್ಲ. ತುದಿಯ ಗಿಡಗಳಿಗೆ ಸಕ್ಕರೆ ಮುಟ್ಟಿಲ್ಲ ಎಂದಮೇಲೆ ಅವು ಟಕ್ ಎನ್ನಲೇಬೇಕು. ಎನ್ನಿಸಿಬಿಟ್ಟರೆ ಮುಗಿಯಿತು. ಒಂದು ಗಿಡದ ಪಕ್ಕದ ಕವಲನ್ನು ಕತ್ತರಿಸಿ ತಂದು, ಎರಡು ಗೂಟಗಳ ನಡುವೆ ಅಡ್ಡ ಇಟ್ಟು, ನಡುಮಧ್ಯೆ ಪುಟ್ಟ ಬಟ್ಟಲು ನೇತುಹಾಕಿದಳು. ಗಾಜಿನ ಮಣಿಗಳನ್ನು ಒಂದೊಂದಾಗಿ ಬಟ್ಟಲಿಗೆ ಹಾಕತೊಡಗಿದಳು. ದಂಟಿನ ಬಲ ನೋಡುವುದು ಹೀಗೆಯೇ. ಬರೀ ಮುರುಕ ಮುರಿಯುವಷ್ಟು ಮಣಿ ಬಿದ್ದಾಯಿತು. ಮುರಿಯಲಿಲ್ಲ. ಇನ್ನೊಂದು. ಮತ್ತೊಂದು. ಅವಳ ಬೆರಳು ಬೆವರಿ ಮಣಿ ಜಾರಿತು. ಹೆಕ್ಕಿ ಹಾಕಿದಳು. ದಂಟು ಬಾಗಿತು, ಬಾಗಿ ತಡೆದು ನಿಂತಿತು, ಕಡೆಗೆ ಬಹಳ ಹೊತ್ತಿನ ಮೇಲೆ ಸೋತು ಸೀಳಿತು. ಊನವಿಲ್ಲದ ಗಿಡದಷ್ಟು ಬಲವಲ್ಲ. ಮುರುಕದ ದೌರ್ಬಲ್ಯವೂ ಅಲ್ಲ.

ಇನ್ನೊಂದು ಕವಲು ತಂದಳು. ಅದೂ ಹಾಗೆಯೇ. ಪಕ್ಕದ ಕುಂಡದ್ದೂ ಹಾಗೆಯೇ.

ಚಿಕ್ಕವಳು ಹೇಳಿದ್ದು ನಿಜ. ಪೂರ್ತಿಯಲ್ಲ, ಅವಳು ಎದೆಯುಬ್ಬಿಸಿ ಹೇಳುತ್ತಿದ್ದಷ್ಟೂ ಅಲ್ಲ, ಆದರೆ ನಿಜ. ಹೊರಗಿನ ಸಕ್ಕರೆಯ ಹಂಗಿಲ್ಲದೆ, ಒಣ ಬಟ್ಟೆಯ ಮೇಲೆ, ಆ ಹೋಲುವ ಸಕ್ಕರೆ ಬಂದು ಜಾಗ ಹಿಡಿದು ಗೋಡೆಯನ್ನು ಒಂದಿಷ್ಟು ನಿಲ್ಲಿಸಿದೆ. ತಪ್ಪು ತೆಗೆದುಹಾಕಿದರೂ ಅವಳು ಉಳಿಯುತ್ತಾಳೆ. ತಪ್ಪು ಮಾಡಿಯೂ ಗೆಲ್ಲುವ ಅದೃಷ್ಟ ಕೆಲವರಿಗೆ ಮಾತ್ರ ಹೇಗೆ ಬರುತ್ತದೆ? ನಿನ್ನೆ ಹಗುರಾಗಿದ್ದ ಮೈ ಈಗ ಹೊತ್ತಿ ಉರಿಯಿತು. ಚಿಕ್ಕವಳು ಸುಳ್ಳಿಯಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವಳಿಗೆ ಸ್ಪಷ್ಟವಾಗಿ, ಮಾತಿನಲ್ಲೇ, ಅನ್ನಿಸಿತು.

ಆದರೂ ಸೋಮವಾರದ ಪ್ರಶ್ನೆ ಬಂದೇ ಬರುತ್ತದೆ. ಲೋಳೆ ಕಂಡವರು ಎಲ್ಲವನ್ನೂ ಒಟ್ಟಿಗೆ ಗುಡಿಸಿ ಎಸೆಯುತ್ತಾರೆ. ತುದಿಯ ಕುಂಡಗಳನ್ನು ತೋರಿಸಬೇಕು ಎಂದು ಚಿಕ್ಕವಳಿಗೆ ಗೊತ್ತಿಲ್ಲ, ಅವು ಬೇರೆ ಎಂದೇ ಅವಳಿಗೆ ಗೊತ್ತಿಲ್ಲ. ಗೊತ್ತಿರುವುದು ತನಗೊಬ್ಬಳಿಗೆ.

"ಅಕ್ಕ, ಇಲ್ಲಿದೀಯಾ?"

ದೊಡ್ಡವಳು ಹಾಳೆಯನ್ನು ಮಗುಚಿ ಹಾಕಿದಳು. ಚಿಕ್ಕವಳು ಬಾಗಿಲಿಗೆ ಒರಗಿ ನಿಂತಿದ್ದಳು. "ಊಟಕ್ಕೂ ಬರಲಿಲ್ಲ. ಏನು ಮಾಡ್ತಿದೀಯ?"

"ಏನಿಲ್ಲ. ಹಳೇದೊಂದು ನೋಡ್ತಿದ್ದೆ."

"ತಲೆನೋವಾ? ಮುಖ ಸಪ್ಪಗಾಗಿದೆ."

"ನನ್ನ ಮುಖ ಇರೋದೇ ಹೀಗೆ."

ಚಿಕ್ಕವಳು ನಗಲಿಲ್ಲ. ಒಳಗೆ ಬಂದು, ಮಣಿಗಳ ಬಟ್ಟಲನ್ನು ಸುಮ್ಮನೆ ಅಲುಗಾಡಿಸಿದಳು. "ಅಕ್ಕ, ಒಂದು ಮಾತು ಹೇಳ್ಲಾ? ಯಾರಿಗೂ ಹೇಳ್ಬೇಡ. ನಂಗೆ ಭಯ ಆಗ್ತಿದೆ."

"ನಿಂಗಾ?"

"ತುಂಬಾ ಚೆನ್ನಾಗಿ ಬಂದಿದೆ ಅಕ್ಕ. ಮೊದಲ ಸಲಾನೇ. ಏನೋ ಬಿಟ್ಟುಹೋಗಿದೆ ಅನ್ಸುತ್ತೆ, ಎಲ್ಲಿ ಅಂತ ಗೊತ್ತಾಗ್ತಿಲ್ಲ. ನಿಂಗೆ ಯಾವತ್ತಾದ್ರೂ ಹೀಗೆ ಬಂದಿತ್ತಾ, ಮೊದಲ ಸಲಾನೇ?"

ಚುಚ್ಚಬೇಕೆಂದು ಕೇಳಿದ್ದಲ್ಲ ಎಂದು ಅವಳ ಕಣ್ಣೇ ಹೇಳುತ್ತಿತ್ತು. ಚುಚ್ಚಿದ್ದು ಮಾತ್ರ ಆಳಕ್ಕೆ.

"ಇಲ್ಲ" ಎಂದಳು ದೊಡ್ಡವಳು. "ಯಾವತ್ತೂ ಬಂದಿಲ್ಲ."

"ಪ್ರೊಫೆಸರ್ ಬರೀ ಚೆನ್ನಾಗಿದೆ ಅಂತಾರೆ. ಎಲ್ಲರೂ ಅದನ್ನೇ ಅಂತಾರೆ. ಅದಕ್ಕೇ ನಿನ್ನ ಕರೆದದ್ದು, ತಮಾಷೆಗಲ್ಲ." ಮಣಿಯೊಂದನ್ನು ಬೆರಳ ತುದಿಯಲ್ಲಿ ಉರುಳಿಸಿ ವಾಪಸು ಹಾಕಿದಳು. "ಟೀ ಮಾಡ್ತೀನಿ ಇರು. ನಿಂಗೆ ಸಕ್ಕರೆ ಬೇಡ ತಾನೇ?"

"ಬೇಡ."

ಚಿಕ್ಕವಳು ಹೋದಳು. ಆಚೆ ಕೋಣೆಯಲ್ಲಿ ಲೋಟಗಳ ಸದ್ದು ಕೇಳತೊಡಗಿತು. ದೊಡ್ಡವಳು ಹಾಳೆಯನ್ನು ತಿರುಗಿಸಿ ಮತ್ತೊಮ್ಮೆ ನೋಡಿದಳು. ಕಪ್ಪು ಕಪ್ಪಾಗಿಯೇ ಇತ್ತು, ಬಿಳಿ ಬಿಳಿಯಾಗಿಯೇ. ಅದನ್ನು ಒಣಗಿಸುವ ಕಾಗದದ ನಡುವೆ ಇಟ್ಟು ಕೈಚೀಲಕ್ಕೆ ಸೇರಿಸಿ, ಗಿಡದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಚಿಕ್ಕವಳ ಕುಂಡಗಳನ್ನು ಅವಳು ಮುಟ್ಟಲಿಲ್ಲ. ಬಟ್ಟೆಯನ್ನೂ ಒರೆಸಲಿಲ್ಲ, ಲೋಳೆ ಎಲ್ಲಿಯವರೆಗೆ ಹರಿದಿದೆಯೋ ಅಲ್ಲಿಯವರೆಗೆ ಹಾಗೇ ಇರಲಿ, ನೋಡುವವರು ನೋಡಲಿ. ತನ್ನ ಕುಂಡಗಳನ್ನು ಮಾತ್ರ ಒಂದೊಂದಾಗಿ ಎತ್ತಿ ಎತ್ತರದ ಅಂಚಿರುವ ತಟ್ಟೆಗಳಲ್ಲಿ ಜೋಡಿಸಿ, ಎಲ್ಲಕ್ಕಿಂತ ಕೆಳಗಿನ ಹಲಗೆಗೆ ಇಳಿಸಿದಳು. ಅಲ್ಲಿ ಬೆಳಕು ಕಡಿಮೆ, ನೀರು ಹಾಕಲು ಮಂಡಿಯೂರಬೇಕು. ಮಂಡಿಯ ನೋವಿಗೆ ಬಾಯಲ್ಲಿ ಚಿಕ್ಕವಳಿಗೊಂದು ಬೈಗುಳವೂ ಬಂತು. ಮೇಲಿನ ಹಲಗೆಯ ಅರ್ಧ ಬೋಳಾಯಿತು. ಜೀನಿಲ್ಲದ ಬರೀ ಮುರುಕಗಳನ್ನು ತಂದಿಡಲು ಬೇಕಾದಷ್ಟು ಜಾಗ.

ಶುಕ್ರವಾರ ಮೊದಲ ಪ್ರಶ್ನೆ ತನ್ನದೇ ಎಂದುಕೊಂಡಳು. ಸಕ್ಕರೆ ಹೊರಗಿನಿಂದ ಬಂದಿಲ್ಲ ಎನ್ನುವುದಕ್ಕೆ ಏನು ಆಧಾರ? ಆ ಹುಡುಗಿ ಬೆಬ್ಬೆಬ್ಬೆ ಎನ್ನುವುದನ್ನು ನೋಡುವ ಸುಖವನ್ನು ತಾನು ಬಿಟ್ಟುಕೊಡುವುದಿಲ್ಲ, ಅಷ್ಟಾದರೂ ಇರಲಿ. ಆಮೇಲೆ ಎಲ್ಲರನ್ನೂ ಇಲ್ಲಿಗೆ ಕರೆತಂದು ಹಾಳೆ ಮೇಜಿನ ಮೇಲಿಡುವುದು. ತುದಿಯ ಕುಂಡಗಳನ್ನು ತೋರಿಸುವುದು. ಎಲೆ ಕಿತ್ತವಳು ಯಾರು, ನೀರು ಸೋರಿಸಿದವಳು ಯಾರು, ಬಟ್ಟೆ ಬೇರೆ ಬೇರೆ ಎಂದು ತಲೆ ಎತ್ತದೆ ಹೂಂಗುಟ್ಟಿದವಳು ಯಾರು ಎನ್ನುವುದನ್ನೂ ಹೇಳುವುದು. ಸೋಮವಾರಕ್ಕೆ ಚಿಕ್ಕವಳ ಕೈಯಲ್ಲಿ ಚಿಕ್ಕದಾದರೂ ಅಲುಗದ ಮಾತೊಂದು ಇರುತ್ತದೆ. ಆ ಮಾತಿನಿಂದ ಕುರ್ಚಿ ಅವಳ ಪಾಲಾದರೂ ಆಗಬಹುದು.

ಹೊಟ್ಟೆಕಿಚ್ಚು ಆರಿರಲಿಲ್ಲ. ಇದ್ದಲ್ಲೇ, ಇದ್ದ ಹಾಗೇ ಇತ್ತು. ಅದನ್ನು ಇಟ್ಟುಕೊಂಡೇ ಈ ಕೆಲಸ ಮಾಡಬಹುದು ಎನ್ನುವುದೊಂದು ಅವಳಿಗೆ ಹೊಸದಾಗಿತ್ತು.

"ಅಕ್ಕ, ಟೀ ಆರ್ತಾ ಇದೆ" ಎಂದು ಆಚೆಯಿಂದ ಕರೆ ಬಂತು. "ಒಳಗೆ ಏನು ಮಾಡ್ತಿದೀಯ ಇಷ್ಟೊತ್ತು?"

"ಗಿಡಕ್ಕೆ ನೀರು" ಎಂದು ದೊಡ್ಡವಳು ಮಂಡಿಯ ಮಣ್ಣು ಕೊಡವಿಕೊಂಡು ಬಾಗಿಲು ತೆಗೆದಳು.